ದಾವಣಗೆರೆಯಲ್ಲಿ ಒಂದು ದಿನದ ರುಚಿ ನಡಿಗೆ: ಖಾಲಿ ದೋಸೆಯಿಂದ ಮಿರ್ಚಿವರೆಗೆ ಹಂತ ಹಂತವಾಗಿ

ದಾವಣಗೆರೆಗೆ ಯಾರಾದರೂ ನೆಂಟರು ಬಂದರೆ ನಾವು ಮಾಡುವುದು ಒಂದೇ ಕೆಲಸ. ಹತ್ತಿರದ ಬೆಣ್ಣೆ ದೋಸೆ ಹೋಟೆಲಿಗೆ ಕರೆದುಕೊಂಡು ಹೋಗುತ್ತೇವೆ. ಬೇಡ ಬೇಡ ಅಂದರೂ ತಲಾ ಮೂರು ದೋಸೆ ತಿನ್ನಿಸುತ್ತೇವೆ. ಆಮೇಲೆ "ಹೇಗಿದೆ?" ಅಂತ ಕೇಳುತ್ತೇವೆ. ಅವರು "ಸೂಪರ್" ಅನ್ನುತ್ತಾರೆ. ಹೊಟ್ಟೆ ಬಿರಿಯುವ ಹಾಗೆ ತಿಂದವರ ಬಾಯಲ್ಲಿ ಬೇರೆ ಏನು ಬರಬೇಕು?

ಬೆಂಗಳೂರಿನ ಕ್ರಾಫ್ಟ್ ಬಿಯರ್ ಪ್ರಿಯರು ರುಚಿ ನೋಡುವುದನ್ನು ಬೇರೆ ಥರ ಮಾಡುತ್ತಾರೆ. ಒಂದು ಬಡಾವಣೆ ಆರಿಸಿಕೊಳ್ಳುತ್ತಾರೆ. ಬಿಯರ್ ಬಲ್ಲ ಒಬ್ಬರು ಮುಂದೆ, ಸಣ್ಣ ಗುಂಪೊಂದು ಹಿಂದೆ. ಬಿಯರನ್ನು ಅಲ್ಲೇ ತಯಾರಿಸಿ ಮಾರುವ ಒಂದು ಮೈಕ್ರೋಬ್ರೂವರಿಯಿಂದ ಇನ್ನೊಂದಕ್ಕೆ ನಡಿಗೆ. ಪೂರ್ತಿ ಮಗ್ ಯಾರೂ ತರಿಸುವುದಿಲ್ಲ, ಎಲ್ಲ ಸಣ್ಣ ಗ್ಲಾಸಿನಲ್ಲಿ. ಹಗುರವಾದ ಗೋಧಿ ಬಿಯರ್ ಮೊದಲು, ಕಹಿ ಜಾಸ್ತಿ ಇರುವ ಐಪಿಎ ಆಮೇಲೆ, ಕಪ್ಪು ಸ್ಟೌಟ್ ಕೊನೆಗೆ. ನಡುನಡುವೆ ನೀರು, ಒಣ ಬ್ರೆಡ್. ಆ ಶಿಸ್ತನ್ನು ನಮ್ಮೂರಿನ ದೋಸೆ, ಮಂಡಕ್ಕಿಗೆ ತಂದು ಹಾಕಿದರೆ ಸರಿಯಾಗಿ ಕೂರುತ್ತದೆ. ಅಲ್ಲೂ ಹುದುಗಿದ ಧಾನ್ಯ, ಇಲ್ಲೂ ಹುದುಗಿದ ಧಾನ್ಯ. ಅಲ್ಲಿ ಬಾರ್ಲಿ, ಇಲ್ಲಿ ಅಕ್ಕಿ ಮತ್ತು ಉದ್ದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ದಾವಣಗೆರೆ ಅಂದರೆ ಎಲ್ಲರೂ ಬೆಣ್ಣೆ ಅನ್ನುತ್ತಾರೆ. ನನಗೆ ಕೇಳಿದರೆ ಈ ಊರಿನ ರುಚಿಯ ಎಳೆ ಮಂಡಕ್ಕಿ. ಬೆಳಿಗ್ಗೆ ದೋಸೆ ಹಿಟ್ಟಿನೊಳಗೆ ಅದು ಇರುತ್ತದೆ, ಕಾಣುವುದಿಲ್ಲ ಅಷ್ಟೆ. ಹಗಲು ಮಂಡಕ್ಕಿ ಹುರಿಯುವ ಭಟ್ಟಿಯಲ್ಲಿ ಅದೇ ಅರಳುತ್ತದೆ. ಸಂಜೆ ಗಾಡಿಯಲ್ಲಿ ಮಿರ್ಚಿ ಪಕ್ಕ ಅದೇ ಕೂರುತ್ತದೆ. ಆ ಎಳೆ ಹಿಡಿದೇ ಈ ನಡಿಗೆ ಹೆಣೆದಿದ್ದೇನೆ. ಬೆಣ್ಣೆಗೆ ಅವಮಾನ ಏನೂ ಆಗುವುದಿಲ್ಲ, ಹೆದರಬೇಡಿ.

ಗುಂಪು ಕಟ್ಟುವುದು

ಆರು ಜನ ಸರಿಯಾದ ಲೆಕ್ಕ. ಒಂದು ದೋಸೆಯನ್ನು ಮೂರು ತುಂಡು ಮಾಡಿದರೆ ಎರಡು ದೋಸೆಗೆ ಆರು ಜನ ಮುಗಿಯುತ್ತಾರೆ. ಹತ್ತು ಜನ ಆದರೆ ಹೋಟೆಲಿನಲ್ಲಿ ಒಟ್ಟಿಗೆ ಕೂರಲು ಜಾಗ ಸಿಗುವುದಿಲ್ಲ. ನೀವು ಹೇಳಿದ್ದು ಕೊನೆಯವರಿಗೆ ಕೇಳುವುದೂ ಇಲ್ಲ.

ಹಿಂದಿನ ದಿನವೇ ಎಲ್ಲರನ್ನೂ ಮೂರು ವಿಷಯ ಕೇಳಿ. ಹಾಲು, ಬೆಣ್ಣೆ ಆಗದವರು ಇದ್ದಾರಾ? ಶೇಂಗಾ ಅಲರ್ಜಿ ಇದೆಯಾ? ಎಣ್ಣೆ ಪದಾರ್ಥ ಬೇಡ ಅಂತ ಡಾಕ್ಟರು ಹೇಳಿದವರು ಯಾರಾದರೂ ಇದ್ದಾರಾ? ಅಂಥವರು ಬರಬಾರದು ಅಂತಲ್ಲ. ಅವರಿಗೆ ಬೆಣ್ಣೆ ಹಾಕದ ಖಾಲಿ ದೋಸೆ, ಬರೀ ಮಂಡಕ್ಕಿ ಸಾಕಷ್ಟು ಇದೆ. ಆದರೆ ಗಾಡಿ ಮುಂದೆ ನಿಂತು ಈ ಚರ್ಚೆ ಶುರುವಾಗಬಾರದು.

ಖಾಲಿ ಹೊಟ್ಟೆಯಲ್ಲಿ ಬರಲು ಹೇಳಬೇಡಿ. ಹಸಿದವರು ರುಚಿ ನೋಡುವುದಿಲ್ಲ, ನುಂಗುತ್ತಾರೆ. ಒಂದು ಬಾಳೆಹಣ್ಣು ತಿಂದು ಬಂದರೆ ಸರಿ. ಕಾಫಿ ಆಮೇಲೆ. ಎಲೆ ಅಡಿಕೆ ಅಂತೂ ನಡಿಗೆ ಮುಗಿಯುವವರೆಗೆ ಬೇಡವೇ ಬೇಡ. ಅಡಿಕೆ ಸೀಮೆ ಚನ್ನಗಿರಿಯಿಂದ ಬಂದ ಗೆಳೆಯರಿಗೆ ಇದು ಸ್ವಲ್ಪ ಕ್ರೂರ ಷರತ್ತು. ಆದರೂ ಬಿಡಬೇಡಿ. ಅಡಿಕೆಯ ಒಗರು ನಾಲಿಗೆ ಮೇಲೆ ಕೂತರೆ ದೋಸೆಯ ತೆಳು ಹುಳಿ ಗೊತ್ತೇ ಆಗುವುದಿಲ್ಲ.

ಯಾವಾಗ

ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಹತ್ತಿರ ಹೋಗುತ್ತದೆ. ಆಗ ಕಾವಲಿ ಮುಂದೆ ನಿಲ್ಲುವುದು ತಪಸ್ಸು. ಹವೆ ಬದಲಾದ ಹಾಗೆ ದೋಸೆಯ ರುಚಿಯೂ ಬದಲಾಗುತ್ತದೆ. ಚಳಿಯಲ್ಲಿ ಹಿಟ್ಟು ನಿಧಾನವಾಗಿ ಹುದುಗುತ್ತದೆ, ಬೇಸಿಗೆಯಲ್ಲಿ ಬೇಗ ಹುಳಿ ಏರುತ್ತದೆ. ಒಂದೇ ಹೋಟೆಲಿನ ದೋಸೆ ಡಿಸೆಂಬರ್‌ನಲ್ಲಿ ಒಂಥರ, ಮೇನಲ್ಲಿ ಇನ್ನೊಂಥರ. ಊರಿನವರಾದರೆ ಎರಡೂ ಕಾಲದಲ್ಲಿ ನಡೆದು ನೋಡಿ.

ವಾರದ ನಡುವಿನ ದಿನ ಆರಿಸಿ. ಭಾನುವಾರ ದೋಸೆ ಹೋಟೆಲಿನಲ್ಲಿ ನಿಲ್ಲಲು ಜಾಗ ಇರುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆ ಸಮಯದಲ್ಲಂತೂ ಇದನ್ನು ಇಟ್ಟುಕೊಳ್ಳಲೇಬೇಡಿ. ಆಗ ಊರೇ ಬೇರೆ. ಜಾತ್ರೆಗೆ ಅಂತಲೇ ಬರಬೇಕು.

ಬೆಂಗಳೂರಿನಿಂದ ಬರುವವರಿಗೆ ಸುಮಾರು 260 ಕಿಲೋಮೀಟರ್ ದಾರಿ. ಬೆಳಗಿನ ವಂದೇ ಭಾರತ್ ಹತ್ತಿದರೂ ಇಲ್ಲಿ ಇಳಿಯುವಷ್ಟರಲ್ಲಿ ಒಂಬತ್ತು ಗಂಟೆ ದಾಟುತ್ತದೆ. ದೋಸೆಯ ಒಳ್ಳೆಯ ಹೊತ್ತು ಅರ್ಧ ಕಳೆದಿರುತ್ತದೆ. ಹಿಂದಿನ ರಾತ್ರಿಯೇ ಬಂದು ಉಳಿಯುವುದು ವಾಸಿ. ಚಿತ್ರದುರ್ಗದವರಿಗೆ ಈ ತೊಂದರೆ ಇಲ್ಲ. 60 ಕಿಲೋಮೀಟರ್, ಬೆಳಿಗ್ಗೆ ಎದ್ದು ಹೊರಟರೆ ಆಯಿತು.

ದಾರಿ

ರೈಲು ಹಳಿ ಊರನ್ನು ಎರಡು ಮಾಡಿದೆ. ಒಂದು ಕಡೆ ಚೌಕಿಪೇಟೆ, ಮಂಡಿಪೇಟೆ, ಕಾಳಿಕಾದೇವಿ ರಸ್ತೆ, ದುಗ್ಗಮ್ಮನ ಗುಡಿ ಇರುವ ಹಳೇ ಊರು. ಇನ್ನೊಂದು ಕಡೆ ಪಿ.ಜೆ. ಬಡಾವಣೆ, ಎಂ.ಸಿ.ಸಿ., ವಿದ್ಯಾನಗರ. ಬೆಳಿಗ್ಗೆ ಹೊಸ ಊರಿನ ಒಂದು ದೋಸೆ ಹೋಟೆಲಿನಲ್ಲಿ ಶುರು ಮಾಡಿ. ಗಾಂಧಿ ವೃತ್ತ, ಅಶೋಕ ರಸ್ತೆ ಕಡೆಯಿಂದ ಹಳಿ ದಾಟಿ ಹಳೇ ಊರಿಗೆ ಹೋಗಿ. ಸಂಜೆಗೆ ಮತ್ತೆ ಈ ಕಡೆ ಬನ್ನಿ. ಬೆಳಗಿನ ನಡಿಗೆ ಎರಡು ಮೂರು ಕಿಲೋಮೀಟರ್ ದಾಟಬಾರದು. ಭಟ್ಟಿ ಕಡೆಗೆ ಆಟೋ ಹಿಡಿಯಿರಿ. ಎಲ್ಲ ನಡೆದೇ ಮಾಡುತ್ತೇನೆ ಅನ್ನುವ ಹಟ ಬೇಡ.

ಹೋಟೆಲಿನ ಹೆಸರು ನಾನು ಬೇಕಂತಲೇ ಬರೆಯುತ್ತಿಲ್ಲ. ಕೊಟ್ಟೂರೇಶ್ವರನ ಹೆಸರಿನಲ್ಲೇ ಊರಲ್ಲಿ ಹಲವು ಬೆಣ್ಣೆ ದೋಸೆ ಹೋಟೆಲುಗಳಿವೆ. ಯಾವುದು ಅಸಲಿ ಅಂತ ಕೇಳಿದರೆ ಪ್ರತಿ ಮನೆಯಲ್ಲೂ ಬೇರೆ ಉತ್ತರ. ಆ ಜಗಳಕ್ಕೆ ಮಾರ್ಗದರ್ಶಿ ಇಳಿಯಬಾರದು. ನೀವು ಎರಡು ಹೋಟೆಲು ಆರಿಸಿ. ಒಂದರಲ್ಲಿ ಕಟ್ಟಿಗೆ ಒಲೆ ಇರಲಿ, ಇನ್ನೊಂದರಲ್ಲಿ ಗ್ಯಾಸ್. ಅಥವಾ ಒಂದು ಹಳೇ ಊರಿನದು, ಇನ್ನೊಂದು ಹೊಸ ಬಡಾವಣೆಯದು. ಹೋಲಿಸಲು ಏನಾದರೂ ವ್ಯತ್ಯಾಸ ಇರಬೇಕು, ಅಷ್ಟೆ. ಒಂದು ವಾರ ಮುಂಚೆ ನೀವೊಬ್ಬರೇ ಅದೇ ಹೊತ್ತಿಗೆ ಹೋಗಿ ನೋಡಿ. ಹಿಟ್ಟು ಎಷ್ಟು ಹೊತ್ತಿಗೆ ಖಾಲಿ ಆಗುತ್ತದೆ, ವಾರದ ರಜೆ ಯಾವಾಗ ಅಂತ ಕೇಳಿಕೊಂಡು ಬನ್ನಿ. ಹಿಟ್ಟು ಮುಗಿದರೆ ಬಾಗಿಲು ಮುಚ್ಚುವ ಹೋಟೆಲುಗಳೇ ಇಲ್ಲಿ ಜಾಸ್ತಿ.

ಮೊದಲ ಹೋಟೆಲು: ಕೂರುವ ಮುಂಚೆ ಕಾವಲಿ ನೋಡಿ

ಏಳೂವರೆಗೆ ಸೇರಿ. ಒಳಗೆ ಹೋದ ತಕ್ಷಣ ಕೂರಬೇಡಿ. ಕಾವಲಿ ಹತ್ತಿರ ನಿಲ್ಲಬಹುದಾ ಅಂತ ಕೇಳಿ. ಜನ ಕಡಿಮೆ ಇದ್ದರೆ ಯಾರೂ ಬೇಡ ಅನ್ನುವುದಿಲ್ಲ. ಫೋಟೋ ತೆಗೆಯುವ ಮುಂಚೆ ಮತ್ತೆ ಕೇಳಿ. ದೋಸೆ ಹಾಕುವವರ ಮುಖಕ್ಕೆ ಮೊಬೈಲ್ ಹಿಡಿಯುವುದು ಒಳ್ಳೆಯ ನಡತೆ ಅಲ್ಲ.

ಏನು ನೋಡಬೇಕು? ದಪ್ಪ ಕಬ್ಬಿಣದ ಕಾವಲಿ. ಅದರ ಮೇಲೆ ನೀರು ಚಿಮುಕಿಸಿ ಪೊರಕೆಯಿಂದ ಒರೆಸುತ್ತಾರೆ. ಕಾವಲಿ ಶಾಖ ಇಳಿಸುವ ಉಪಾಯ ಅದು. ತುಂಬ ಕಾದಿದ್ದರೆ ಹಿಟ್ಟು ಹರಡುವ ಮುಂಚೆಯೇ ಹಿಡಿದುಕೊಳ್ಳುತ್ತದೆ. ಬೆಂಗಳೂರಿನ ಮಸಾಲೆ ದೋಸೆಯ ಹಾಗೆ ಅಗಲಕ್ಕೆ, ತೆಳ್ಳಗೆ ಎಳೆಯುವುದಿಲ್ಲ. ಚಿಕ್ಕದಾಗಿ, ಸ್ವಲ್ಪ ದಪ್ಪಗೆ ಹಾಕುತ್ತಾರೆ. ಮೇಲೆ ತೂತು ಬೀಳುತ್ತವೆ. ಆಮೇಲೆ ಬೆಣ್ಣೆ. ಬೆಣ್ಣೆಯಲ್ಲಿ ಸ್ವಲ್ಪ ನೀರಿನ ಅಂಶ ಇರುತ್ತದೆ. ಆ ನೀರು ಆವಿಯಾಗುವಾಗ ಬರುವುದೇ ಚುರ್ ಅನ್ನುವ ಸದ್ದು. ಸದ್ದು ಇಳಿದ ಮೇಲೆ ಹಾಲಿನ ಅಂಶ ಕೆಂಪಗಾಗುತ್ತದೆ, ಘಮ ಏಳುತ್ತದೆ. ಈ ಎರಡು ನಿಮಿಷದ ವಾಸನೆಯನ್ನು ಗುಂಪಿನವರು ಮೂಗಿಗೆ ತುಂಬಿಕೊಳ್ಳಲಿ. ತಟ್ಟೆಗೆ ಬಂದ ಮೇಲೆ ಇಷ್ಟು ಸಿಗುವುದಿಲ್ಲ.

ಈಗ ಆರ್ಡರ್. ಆರು ಜನಕ್ಕೆ ಎರಡು ಖಾಲಿ ದೋಸೆ ಮೊದಲು. ಅದು ಮುಗಿದ ಮೇಲೆ ಎರಡು ಬೆಣ್ಣೆ ದೋಸೆ. ಕೊನೆಗೆ ಎರಡು ಓಪನ್ ದೋಸೆ. ಮೂರನ್ನೂ ಒಟ್ಟಿಗೆ ಹೇಳಬೇಡಿ. ಒಟ್ಟಿಗೆ ಬಂದರೆ ಎರಡು ತಣ್ಣಗಾಗುತ್ತವೆ, ತಣ್ಣಗಾದ ಬೆಣ್ಣೆ ದೋಸೆಗೆ ಬೆಲೆ ಇಲ್ಲ. ಹೀಗೆ ಹಂಚಿಕೊಂಡು ತಿನ್ನುತ್ತೇವೆ ಅಂತ ಸರ್ವರ್‌ಗೆ ಮೊದಲೇ ಹೇಳಿ. ಇಲ್ಲದಿದ್ದರೆ ಆರು ಜನ ಎರಡು ದೋಸೆಗೆ ಕಾಯುತ್ತಾ ಕೂತಿರುವುದು ಅವರಿಗೆ ವಿಚಿತ್ರವಾಗಿ ಕಾಣುತ್ತದೆ.

ಖಾಲಿ ದೋಸೆಯ ಮೊದಲ ತುಂಡನ್ನು ಚಟ್ನಿ ಮುಟ್ಟಿಸದೆ ತಿನ್ನಿ. ಹರಿಯುವಾಗ ನೋಡಿ, ಒಳಗೆ ಸಣ್ಣ ಸಣ್ಣ ಗೂಡು ಇರುತ್ತವೆ. ಮೆತ್ತಗೆ ಇರುತ್ತದೆ, ಆದರೆ ಅಂಟುವುದಿಲ್ಲ. ಈ ಮೆದುವಿಗೆ ಒಂದು ಕಾರಣ ಮಂಡಕ್ಕಿ. ಅಕ್ಕಿ, ಉದ್ದು, ಸ್ವಲ್ಪ ಮೆಂತ್ಯದ ಜೊತೆ ನೆನೆಸಿದ ಮಂಡಕ್ಕಿಯನ್ನೂ ರುಬ್ಬುವುದು ಇಲ್ಲಿನ ರೂಢಿ. ಮಂಡಕ್ಕಿ ಒಮ್ಮೆ ಬೆಂದು ಅರಳಿದ ಅಕ್ಕಿ. ಅದರ ಪಿಷ್ಟ ಆಗಲೇ ಸಡಿಲ ಆಗಿರುತ್ತದೆ, ನೀರು ಹಿಡಿದುಕೊಳ್ಳುತ್ತದೆ. ಅದಕ್ಕೇ ತಳ ಗರಿಯಾದರೂ ಒಳಗೆ ಒಣಗುವುದಿಲ್ಲ. ಜೊತೆಗೆ ಹುಳಿ ಹುಡುಕಿ. ನುಂಗಿದ ಮೇಲೆ ಬಾಯಲ್ಲಿ ಉಳಿಯುವ ತೆಳುವಾದ ಹುಳಿ. ಅದು ರಾತ್ರಿ ಇಡೀ ಹಿಟ್ಟಿನಲ್ಲಿ ಕೆಲಸ ಮಾಡಿದ ಬ್ಯಾಕ್ಟೀರಿಯಾಗಳ ಕೊಡುಗೆ.

ಆಮೇಲೆ ಬರೀ ಚಟ್ನಿ, ಬೆರಳ ತುದಿಯಲ್ಲಿ. ಬೆಳ್ಳಗೆ, ನೀರು ನೀರಾಗಿ, ಹಸಿ ಮೆಣಸಿನಕಾಯಿ ಖಾರದ್ದು. ಕಾಯಿ ಎಷ್ಟು, ಹುರಿಗಡಲೆ ಎಷ್ಟು ಅಂತ ಊಹಿಸಲು ಹೇಳಿ. ಆಮೇಲೆ ಬರೀ ಪಲ್ಯ. ಅರಿಸಿನದ ಬಣ್ಣ ಇಲ್ಲದ, ಖಾರ ಇಲ್ಲದ, ನುಣ್ಣಗೆ ಹಿಸುಕಿದ ಆಲೂಗಡ್ಡೆ. ಮೊದಲ ಸಲ ತಿಂದವರು ಸಪ್ಪೆ ಅನ್ನುತ್ತಾರೆ. ಹೌದು, ಸಪ್ಪೆಯೇ. ಬೆಣ್ಣೆಯ ಜೊತೆ ಜಗಳ ಆಡಬಾರದು ಅಂತಲೇ ಹಾಗೆ ಮಾಡುತ್ತಾರೆ.

ಈಗ ಬೆಣ್ಣೆ ದೋಸೆ. ಒಂದು ನಿಮಿಷ ಕಾಯಿರಿ, ಬಾಯಿ ಸುಟ್ಟುಕೊಂಡರೆ ಇಡೀ ದಿನದ ನಡಿಗೆ ದಂಡ. ಮೊದಲು ತಳದ ಗರಿ, ಆಮೇಲೆ ಮೇಲಿನ ಮೆದು ಭಾಗ. ಮೊಸರು ಕಡೆದು ತೆಗೆದ ಬೆಣ್ಣೆಯಾದರೆ ಸಣ್ಣಗೆ ಹುಳಿ ಇರುತ್ತದೆ, ಬಣ್ಣ ಬಿಳಿ. ಉಪ್ಪು ಮುಂದೆ ಬಂದರೆ, ಬಣ್ಣ ಹಳದಿ ಆದರೆ ಅದು ಪ್ಯಾಕೆಟ್ ಬೆಣ್ಣೆ ಇರಬಹುದು. ತಪ್ಪು ಅಂತಲ್ಲ, ಆದರೆ ಗೊತ್ತಾಗಬೇಕು.

ಓಪನ್ ದೋಸೆ ಕೊನೆಗೆ ಯಾಕೆ? ಮಡಚದೆ, ಮೇಲೆ ಪಲ್ಯ, ಚಟ್ನಿ ಪುಡಿ, ಬೆಣ್ಣೆ ಎಲ್ಲ ಒಟ್ಟಿಗೆ ಇರುತ್ತದೆ. ರುಚಿ ಗಟ್ಟಿ. ಇದನ್ನು ಮೊದಲು ತಿಂದರೆ ಖಾಲಿ ದೋಸೆ ಬರೀ ಹಿಟ್ಟು ಅನ್ನಿಸುತ್ತದೆ.

ಒಂದು ಚೀಟಿ, ಪೆನ್ನು ಕೊಡಿ. ಅಂಕ ಬೇಡ. ಹುಳಿ, ಗರಿ, ಬೆಣ್ಣೆಯ ಘಮ, ಚಟ್ನಿಯ ಖಾರ, ಈ ನಾಲ್ಕಕ್ಕೆ ಒಂದೊಂದು ಮಾತು ಬರೆಯಲಿ. "ಚೆನ್ನಾಗಿದೆ" ಅಂತ ಬರೆದವರು ಮುಂದಿನ ಟೀ ಕೊಡಿಸಬೇಕು. ಈ ನಿಯಮ ಇಟ್ಟರೆ ಮಾತು ತಾನಾಗಿ ಬರುತ್ತದೆ.

ಕತೆ ಹೇಳುವ ಜಾಗ

ಕತೆಯನ್ನು ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಹೇಳಬೇಡಿ. ಖಾಲಿ ದೋಸೆ ಮತ್ತು ಬೆಣ್ಣೆ ದೋಸೆಯ ನಡುವೆ ಕಾಯುವಾಗ ಹೇಳಿ. ಊರಿನಲ್ಲಿ ಹೇಳುವ ಪ್ರಕಾರ, 1928ರಲ್ಲಿ ಚೆನ್ನಮ್ಮ ಅನ್ನುವವರು ಬೆಳಗಾವಿ ಸೀಮೆಯಿಂದ ಮಕ್ಕಳ ಜೊತೆ ಇಲ್ಲಿಗೆ ಬಂದರು. ನಾಟಕದ ಥಿಯೇಟರ್ ಹತ್ತಿರ ದೋಸೆ ಮಾರಲು ಶುರು ಮಾಡಿದರು. ಆಗಿನದು ರಾಗಿ ದೋಸೆ, ಜೊತೆಗೆ ಚಟ್ನಿ, ಬೆಣ್ಣೆ. 1938ರ ಹೊತ್ತಿಗೆ ಅವರ ಮಕ್ಕಳ ಕಾಲದಲ್ಲಿ ರಾಗಿ ಹೋಗಿ ಅಕ್ಕಿ ಬಂತು. ಇಷ್ಟು ಸಾಕು. ಇದರ ಜೊತೆ ಹತ್ತಿ ಗಿರಣಿಗಳ ವಿಷಯ ಸೇರಿಸಬಹುದು. ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲ ಇತ್ತು. ಪಾಳಿ ಮುಗಿಸಿ ಬರುವ ಗಿರಣಿ ಕೆಲಸಗಾರರು ಇರುವ ಊರಲ್ಲಿ ಬೇಗ ಬೇಯುವ, ಹೊಟ್ಟೆ ಹಿಡಿಯುವ ತಿಂಡಿಗೆ ಗಿರಾಕಿ ಇದ್ದೇ ಇರುತ್ತಾರೆ, ಅಲ್ವಾ?

ಆಮೇಲೆ ಒಂದು ಪ್ರಶ್ನೆ ಬಿಡಿ: ರಾಗಿಯ ಮೇಲೆ ಬೆಣ್ಣೆ ಹೇಗಿದ್ದಿರಬಹುದು? ರಾಗಿ ತಿಂದು ಬೆಳೆದವರು ಗುಂಪಿನಲ್ಲಿದ್ದರೆ ಹತ್ತು ನಿಮಿಷ ಕಳೆದದ್ದೇ ಗೊತ್ತಾಗುವುದಿಲ್ಲ.

ನಡುವಿನ ನಡಿಗೆ, ಎರಡನೇ ಹೋಟೆಲು

ಬೆಣ್ಣೆಯ ಪಸೆ ನಾಲಿಗೆ ಮೇಲೆ ಪದರ ಕಟ್ಟುತ್ತದೆ. ತಣ್ಣೀರು ಕುಡಿದರೆ ಅದು ಇನ್ನೂ ಗಟ್ಟಿಯಾಗುತ್ತದೆ. ಬೆಚ್ಚಗಿನ ನೀರು ಕೇಳಿ. ನಿಮ್ಮ ಚೀಲದಲ್ಲಿ ಒಂದು ಪೊಟ್ಟಣ ಬರೀ ಮಂಡಕ್ಕಿ ಇರಲಿ. ನಡೆಯುತ್ತಾ ಎಲ್ಲರೂ ಒಂದೊಂದು ಹಿಡಿ ಬಾಯಿಗೆ ಹಾಕಿಕೊಳ್ಳಲಿ. ಬಿಯರ್ ನಡಿಗೆಯಲ್ಲಿ ಒಣ ಬ್ರೆಡ್ ಮಾಡುವ ಕೆಲಸ ಇಲ್ಲಿ ಮಂಡಕ್ಕಿ ಮಾಡುತ್ತದೆ. ಪಸೆ ಹೀರಿಕೊಂಡು ಬಾಯಿ ಖಾಲಿ ಮಾಡುತ್ತದೆ.

ಎರಡನೇ ಹೋಟೆಲಿನಲ್ಲಿ ಬೆಣ್ಣೆ ದೋಸೆ ಒಂದೇ. ಬೇರೆ ಏನೂ ತರಿಸಬೇಡಿ. ಒಂದೇ ತಿಂಡಿಯನ್ನು ಎರಡು ಕಡೆ ತಿಂದಾಗಲೇ ವ್ಯತ್ಯಾಸ ಹಿಡಿಯಲು ಸಾಧ್ಯ. ಚೀಟಿ ಮತ್ತೆ ತೆಗೆಯಿರಿ. ಕಟ್ಟಿಗೆ ಒಲೆಯದ್ದಾದರೆ ಹೊಗೆಯ ವಾಸನೆ ದೋಸೆಯಲ್ಲಿ ಇದೆಯಾ, ಇಲ್ಲ ಕೋಣೆಯಲ್ಲಿ ಮಾತ್ರ ಇದೆಯಾ ಅಂತ ಕೇಳಿ. ಇದರ ಬಗ್ಗೆ ಗುಂಪು ಒಡೆದೇ ಒಡೆಯುತ್ತದೆ. ನನ್ನ ಅಭಿಪ್ರಾಯ: ವಾಸನೆಗಿಂತ ದೊಡ್ಡ ವ್ಯತ್ಯಾಸ ಕಾವಲಿ ದಪ್ಪದ್ದು. ದಪ್ಪ ಕಾವಲಿ, ಸಮನಾದ ಕಾವು ಇದ್ದರೆ ಗ್ಯಾಸ್ ಮೇಲೂ ಒಳ್ಳೆಯ ದೋಸೆ ಬರುತ್ತದೆ. ಊರಿನ ಹಿರಿಯರು ಇದನ್ನು ಒಪ್ಪುವುದಿಲ್ಲ.

ಇಲ್ಲಿ ಟೀ ಕುಡಿಯಿರಿ. ಮೂರನೇ ಹೋಟೆಲು ಬೇಡ. ಬೇಕು ಅನ್ನಿಸುತ್ತದೆ, ಆದರೂ ಬೇಡ.

ಮಂಡಿಪೇಟೆಯಿಂದ ಭಟ್ಟಿಗೆ

ಹತ್ತು ಗಂಟೆ ಸುಮಾರಿಗೆ ಹಳೇ ಊರಿನ ಪೇಟೆ ಪೂರ್ತಿ ತೆರೆದಿರುತ್ತದೆ. ಮಂಡಿಪೇಟೆ, ಚೌಕಿಪೇಟೆಯಲ್ಲಿ ನಿಧಾನಕ್ಕೆ ಸುತ್ತಿ. ಅಕ್ಕಿ, ಬೇಳೆ, ಮೆಣಸಿನಕಾಯಿ, ಮಂಡಕ್ಕಿ ಎಲ್ಲ ಕಣ್ಣಿಗೆ ಬೀಳುತ್ತದೆ. ಇಷ್ಟು ಅಕ್ಕಿ ಎಲ್ಲಿಂದ ಅಂತ ಕೇಳಿದರೆ ಭದ್ರಾ ನಾಲೆಯ ಕಡೆ ಕೈ ತೋರಿಸಿ. 1960ರ ದಶಕದಲ್ಲಿ ಲಕ್ಕವಳ್ಳಿಯ ಅಣೆಕಟ್ಟು ಮುಗಿದು ನೀರು ಬಂದ ಮೇಲೆ ಈ ಸೀಮೆಯಲ್ಲಿ ಭತ್ತ ಹರಡಿತು. ಭತ್ತದ ಜೊತೆ ಅಕ್ಕಿ ಗಿರಣಿ ಬೆಳೆದವು. ಮಂಡಕ್ಕಿಗೂ ಬೇಕಾದದ್ದು ಅದೇ ಭತ್ತ.

ಎರಡು ಅಂಗಡಿಯಲ್ಲಿ ಸ್ವಲ್ಪ ಸ್ವಲ್ಪ ಮಂಡಕ್ಕಿ ಕೊಂಡು ಅಂಗೈಯಲ್ಲಿ ಹಾಕಿ ನೋಡಿ. ಗಾತ್ರ ಒಂದೇ ಸಮ ಇದೆಯಾ? ಉಪ್ಪು ನಾಲಿಗೆಗೆ ತಾಗುತ್ತದಾ? ಕಡಿದರೆ ಸದ್ದು ಬರುತ್ತದಾ, ಇಲ್ಲ ಹಲ್ಲಿಗೆ ಅಂಟುತ್ತದಾ?

ಆಮೇಲೆ ಆಟೋ ಹಿಡಿದು ಆಜಾದ್ ನಗರ, ಬಾಷಾ ನಗರದ ಕಡೆ ಮಂಡಕ್ಕಿ ಭಟ್ಟಿಗಳಿಗೆ. ಒಂದು ಭಟ್ಟಿಯವರ ಜೊತೆ ಮೊದಲೇ ಮಾತಾಡಿಟ್ಟುಕೊಳ್ಳಿ. ಸುಮ್ನೆ ನುಗ್ಗಬೇಡಿ. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಹೊಟ್ಟು ತೆಗೆದು, ಆ ಅಕ್ಕಿಗೆ ಉಪ್ಪು ನೀರು ಹಿಡಿಸಿ, ಕೊನೆಗೆ ಕಾದ ಮರಳಿನಲ್ಲಿ ಹುರಿಯುತ್ತಾರೆ. ಕಾಳಿನೊಳಗೆ ಉಳಿದ ಚೂರು ತೇವ ಒಮ್ಮೆಲೇ ಆವಿಯಾಗಿ ಅಕ್ಕಿಯನ್ನು ಒಳಗಿಂದ ಉಬ್ಬಿಸುತ್ತದೆ. ಕೆಲವೇ ಕ್ಷಣದ ಕೆಲಸ. ಮರಳನ್ನು ಜರಡಿಯಲ್ಲಿ ಬೇರೆ ಮಾಡುವುದು ನೋಡಲು ಚೆಂದ.

ಆದರೆ ಅಲ್ಲಿ ನಿಂತರೆ ಬೆಂಕಿಯ ಝಳ, ಹೊಗೆ, ಧೂಳು ನಿಮಗೂ ತಾಗುತ್ತದೆ. ನೀವು ಹದಿನೈದು ನಿಮಿಷ ಇರುತ್ತೀರಿ, ಅವರು ದಿನವಿಡೀ. ಹಾಗಾಗಿ ಇದನ್ನು ತಮಾಷೆಯ ಜಾಗ ಮಾಡಬೇಡಿ. ಕೆಲಸಕ್ಕೆ ಅಡ್ಡ ಬರಬೇಡಿ, ಸೆಲ್ಫಿ ಬೇಡ. ಬಿಸಿ ಮಂಡಕ್ಕಿ ಅಲ್ಲೇ ಕೊಂಡು ತಿನ್ನಿ, ಮನೆಗೂ ಕೊಳ್ಳಿ. ಉಬ್ಬಸ ಇರುವವರು ಹೊರಗೇ ನಿಲ್ಲಲಿ.

ಮಧ್ಯಾಹ್ನ ಊಟ ಬೇಡ. ಮಜ್ಜಿಗೆ, ಒಂದು ಹಣ್ಣು, ನಿದ್ದೆ.

ಸಂಜೆ: ಮಂಡಕ್ಕಿ, ಮಿರ್ಚಿ

ಐದೂವರೆಗೆ ರಾಮ್ ಅಂಡ್ ಕೋ ವೃತ್ತದ ಕಡೆ ಸೇರಿ. ಅಲ್ಲಿಂದ ಪಿ.ಜೆ. ಬಡಾವಣೆ, ಎಂ.ಸಿ.ಸಿ. ಕಡೆಯ ಮಾಮಾಸ್ ಜಾಯಿಂಟ್ ರಸ್ತೆವರೆಗೆ ತಿಂಡಿ ಗಾಡಿಗಳಿಗೆ ಬರವಿಲ್ಲ. ಎಣ್ಣೆ ನೋಡಿ ಗಾಡಿ ಆರಿಸಿ. ಎಣ್ಣೆ ಕಪ್ಪಗಿದ್ದು ಹೊಗೆಯಾಡುತ್ತಿದ್ದರೆ ಮುಂದೆ ನಡೆಯಿರಿ. ಜನ ಜಾಸ್ತಿ ಇರುವ ಗಾಡಿಯಲ್ಲಿ ಮಿರ್ಚಿ ಕೂತು ತಣ್ಣಗಾಗುವುದಿಲ್ಲ, ಅದೂ ಒಂದು ಗುರುತು.

ಇಲ್ಲೂ ಅದೇ ಕ್ರಮ, ಹಗುರದಿಂದ ಗಟ್ಟಿಗೆ. ಮೊದಲು ಹುರಿಗಡಲೆ ಹಿಟ್ಟು ಬೆರೆಸಿದ ನರ್ಗೀಸ್ ಮಂಡಕ್ಕಿ. ಆಮೇಲೆ ಈರುಳ್ಳಿ, ಟೊಮೆಟೊ, ಕೊತ್ತಂಬರಿ ಹಾಕಿದ ಖಾರ ಮಂಡಕ್ಕಿ. ಮೂರು ಜನಕ್ಕೆ ಒಂದು ಪೊಟ್ಟಣ. ಕಲಸಿದ ತಕ್ಷಣ ತಿನ್ನಬೇಕು, ಮಾತು ಆಮೇಲೆ. ಟೊಮೆಟೊ ನೀರು ಬಿಟ್ಟರೆ ಐದು ನಿಮಿಷದಲ್ಲಿ ಗರಿ ಹೋಗುತ್ತದೆ. ಬೇಕಿದ್ದರೆ ಒಂದು ಮುಷ್ಟಿ ಹಾಗೇ ಇಟ್ಟು ಹತ್ತು ನಿಮಿಷದ ನಂತರ ತಿಂದು ಹೋಲಿಸಿ. ಮೆತ್ತಗಾದದ್ದೇ ಇಷ್ಟ ಅನ್ನುವವರು ಗುಂಪಿನಲ್ಲಿ ಒಬ್ಬರಾದರೂ ಇರುತ್ತಾರೆ, ವಿಶೇಷವಾಗಿ ಹುಬ್ಬಳ್ಳಿಯ ಗಿರ್ಮಿಟ್ ತಿಂದು ಬೆಳೆದವರು.

ಮಿರ್ಚಿ ಯಾವತ್ತೂ ಕೊನೆಗೆ. ಖಾರ ಒಮ್ಮೆ ಹಿಡಿದರೆ ಆಮೇಲೆ ನಾಲಿಗೆಗೆ ಬೇರೆ ಏನೂ ತಿಳಿಯುವುದಿಲ್ಲ. ಉದ್ದನೆಯ ಮೆಣಸಿನಕಾಯಿ ಸೀಳಿ, ಕಡಲೆ ಹಿಟ್ಟಿನಲ್ಲಿ ಅದ್ದಿ ಕರಿಯುತ್ತಾರೆ. ಓಂಕಾಳಿನ ಘಮ ಇದೆಯಾ ನೋಡಿ. ತುದಿಯಿಂದ ಕಚ್ಚಿ. ಖಾರ ಜಾಸ್ತಿ ಇರುವುದು ತೊಟ್ಟಿನ ಹತ್ತಿರ, ಬೀಜ ಅಂಟಿಕೊಂಡ ಬಿಳಿ ಭಾಗದಲ್ಲಿ. ಹಿಟ್ಟಿನ ಕವಚ ಗರಿಯಾಗಿ, ಒಳಗೆ ಕಾಯಿ ಬೆಂದಿರಬೇಕು. ಹಸಿಯಾಗಿ ಕಟಕಟ ಅಂದರೆ ಎಣ್ಣೆ ವಿಪರೀತ ಕಾದಿತ್ತು ಅಂತ ಅರ್ಥ. ಒಂದು ಕಚ್ಚು ಮಿರ್ಚಿ, ಒಂದು ಮುಷ್ಟಿ ಮಂಡಕ್ಕಿ. ಜೋಡಿ ಯಾಕೆ ಕೂಡಿತು ಅಂತ ಆಗ ವಿವರಿಸಬೇಕಾಗಿಲ್ಲ.

ಕಣ್ಣಲ್ಲಿ ನೀರು ಬಂದವರಿಗೆ ನೀರು ಕೊಡಬೇಡಿ. ಖಾರದ ಅಂಶ ನೀರಿನಲ್ಲಿ ಕರಗುವುದಿಲ್ಲ, ಬಾಯಿ ತುಂಬ ಹರಡುತ್ತದೆ ಅಷ್ಟೆ. ಮಜ್ಜಿಗೆ ಅಥವಾ ಹಾಲು ಕೊಡಿ. ಮುಂಚೆಯೇ ಎರಡು ಪ್ಯಾಕೆಟ್ ಕೊಂಡು ಚೀಲದಲ್ಲಿ ಇಟ್ಟಿರಿ.

ದುಡ್ಡು, ಪಾರ್ಸಲ್

ಬೆಳಿಗ್ಗೆಯೇ ಎಲ್ಲರಿಂದ ಸಮನಾಗಿ ದುಡ್ಡು ಸೇರಿಸಿ ಒಬ್ಬರ ಕೈಗೆ ಕೊಡಿ. ಪ್ರತಿ ಗಾಡಿ ಮುಂದೆ ಆರು ಮೊಬೈಲ್ ತೆಗೆಯುವುದು ಬೇಡ. ಫೋನ್ ಪೇ ಎಲ್ಲ ಕಡೆ ನಡೆದರೂ ಚಿಲ್ಲರೆ ಇರಲಿ. ಹೋಟೆಲಿನಲ್ಲಿ ಕಡಿಮೆ ತಿಂದು ಜಾಗ ಹೆಚ್ಚು ಹೊತ್ತು ಹಿಡಿದಿರುತ್ತೀರಿ, ಸರ್ವರ್‌ಗೆ ಟಿಪ್ಸ್ ಮರೆಯಬೇಡಿ.

ಬೆಣ್ಣೆ ದೋಸೆ ಪಾರ್ಸಲ್ ಯಾರು ಕೇಳಿದರೂ ಬೇಡ ಅನ್ನಿ. ಎಲೆಯೊಳಗೆ ಆವಿ ಕೂತು ಗರಿ ಹೋಗುತ್ತದೆ, ಬೆಣ್ಣೆ ಹೆಪ್ಪುಗಟ್ಟುತ್ತದೆ. ಊರಿಗೆ ಒಯ್ಯಲು ಸರಿಯಾದದ್ದು ಭಟ್ಟಿಯ ಬರೀ ಮಂಡಕ್ಕಿ. ತೂಕ ಇಲ್ಲ, ಜಾಗ ಮಾತ್ರ ಬೇಕು. ಚೀಲದ ಬಾಯಿ ಬಿಗಿಯಾಗಿ ಕಟ್ಟಿ, ಮನೆಗೆ ಹೋದ ಕೂಡಲೇ ಡಬ್ಬಿಗೆ ಹಾಕಿ. ಮಳೆಗಾಲದಲ್ಲಿ ಮೆತ್ತಗಾದರೆ ಎಣ್ಣೆ ಹಾಕದೆ ಬಾಣಲೆಯಲ್ಲಿ, ಸಣ್ಣ ಉರಿಯಲ್ಲಿ ಎರಡು ನಿಮಿಷ ಕೈಯಾಡಿಸಿ. ಗರಿ ವಾಪಸ್ ಬರುತ್ತದೆ.